ತಕ್ಕಡಿ ಒಂದೇ, ಲೆಕ್ಕ ಎರಡು

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಒಂಬತ್ತು ವರ್ಷಗಳಿಂದ ತೂಕ, ಕೂಲಿಯ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಅರೇಬಿಕಾ ಮುಗಿದು ಈಗ ರೋಬಸ್ಟಾ ಕುಯ್ಲು ನಡೆದಿದೆ. ಊರಿನವರೂ ಅಸ್ಸಾಮಿನಿಂದ ಬಂದವರೂ ಕಿಲೋ ಲೆಕ್ಕದಲ್ಲೇ ಹಣ್ಣು ಕುಯ್ಯುತ್ತಾರೆ. ಆದರೆ ಅಸ್ಸಾಮಿನವರ ಪ್ರತಿ ಚೀಲಕ್ಕೆ ಎಲೆ, ನೀರು, ಕಾಯಿ ಎಂದು ಎರಡು ಕಿಲೋ ಕಳೆದು ಬರೆಯಬೇಕೆಂಬುದು ಸಾಹುಕಾರರ ಮಾತು. ಊರಿನವರಿಗೆ ಈ ಕಡಿತವಿಲ್ಲ, ಏಕೆಂದರೆ ಅವರು ಜಗಳಕ್ಕೆ ನಿಲ್ಲುತ್ತಾರೆ. ಮೊನ್ನೆ ಅಸ್ಸಾಮಿನ ಹೆಂಗಸೊಬ್ಬರು ತಕ್ಕಡಿಯ ಅಂಕಿಯನ್ನೂ ನನ್ನ ಪುಸ್ತಕದ ಅಂಕಿಯನ್ನೂ ತೋರಿಸಿ, ‘ಅಣ್ಣಾ, ಯಾಕೆ?’ ಎಂದು ಕೇಳಿದರು. ನನಗೆ ಉತ್ತರ ಹೊರಡಲಿಲ್ಲ. ಅಪ್ಪನ ಹೃದಯದ ಆಪರೇಷನ್ನಿಗೆ ಹಣ ಕೊಟ್ಟವರು ಇದೇ ಸಾಹುಕಾರರು. ಅವರ ಅನ್ನ ಉಂಡು ಎದುರಾಡಬೇಡಿ ಎಂದು ಹೆಂಡತಿ ಹೇಳುತ್ತಾಳೆ. ಅವರ ಊರಿನಲ್ಲಿ ಇಷ್ಟೂ ಸಿಗುವುದಿಲ್ಲ, ಬಿಡಿ ಎಂದು ಮೇಸ್ತ್ರಿ ಹೇಳುತ್ತಾರೆ. ನಮ್ಮ ತಾತನೂ ಬೆಳ್ತಂಗಡಿ ಕಡೆಯಿಂದ ಘಟ್ಟ ಹತ್ತಿ ಕೂಲಿಗೆ ಬಂದವರೇ. ಕಳೆ ಕೆಲಸದಲ್ಲಿ ಹೆಂಗಸರ ದಿನಗೂಲಿ ಕಡಿಮೆ ಇರುವ ಹಾಗೆ ಇದೂ ಎಲ್ಲ ಕಡೆ ಇದ್ದದ್ದೇ ಎಂದು ಸುಮ್ಮನಿರಲೇ, ಕೆಲಸ ಬಿಡಲೇ?

– ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ಕೆಲಸ ಬಿಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಜಾಗಕ್ಕೆ ಬರುವ ಹೊಸ ರೈಟರ್ ಅದೇ ಎರಡು ಕಿಲೋ ಕಳೆದು ಬರೆಯುತ್ತಾರೆ, ಮತ್ತು ಅವರು ಯಾರಿಗೂ ಪತ್ರ ಬರೆಯಲಾರರು. ಆಜ್ಞೆ ಸಾಹುಕಾರರದೇ ಆದರೂ ಅದು ಕೂಲಿ ಕಡಿತವಾಗಿ ಮಾರ್ಪಡುವುದು ನಿಮ್ಮ ಪುಸ್ತಕದ ಸಾಲಿನಲ್ಲಿ. ಆದ್ದರಿಂದ ಅದನ್ನು ತಡೆಯುವ ಅವಕಾಶವೂ ತೋಟದಲ್ಲಿ ಬೇರೆ ಯಾರಿಗಿಂತ ನಿಮಗೇ ಹೆಚ್ಚಾಗಿದೆ.

ಕಡಿತಕ್ಕೆ ಕೊಟ್ಟಿರುವ ಕಾರಣ ಪೂರ್ತಿ ಸುಳ್ಳೇನಲ್ಲ. ಬೆಳಗಿನ ಇಬ್ಬನಿಯಲ್ಲಿ ಕುಯ್ದ ಹಣ್ಣಿಗೆ ನೀರಿನ ತೂಕ ಸೇರುತ್ತದೆ, ಅವಸರದಲ್ಲಿ ಕುಯ್ದ ಚೀಲದಲ್ಲಿ ಎಲೆಯೂ ಹಸಿರು ಕಾಯಿಯೂ ಇರುತ್ತವೆ. ಆದರೆ ಇಬ್ಬನಿ ಬೀಳುವುದು ಎಲ್ಲರ ಸಾಲಿನ ಗಿಡಗಳ ಮೇಲೆ. ಚೀಲದಲ್ಲಿ ಏನಿದೆ ಎಂದು ನೋಡಿ ಕಳೆಯುವುದು ಗುಣಮಟ್ಟದ ಪರೀಕ್ಷೆ, ಚೀಲ ಹೊತ್ತು ತಂದವರು ಯಾರು ಎಂದು ನೋಡಿ ಕಳೆಯುವುದು ತಾರತಮ್ಯ. ಊರಿನವರು ಜಗಳಕ್ಕೆ ನಿಲ್ಲುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಂದರೆ ಎಲೆ, ನೀರು ನೆಪ ಮಾತ್ರ, ಕನ್ನಡದಲ್ಲಿ ಜಗಳವಾಡಲು ಬಾರದವರಿಂದ ಕಳೆಯುವುದು ಸುಲಭ ಎಂಬುದೇ ನಿಜವಾದ ಕಾರಣ. ದಿನಕ್ಕೆ ಎರಡು ಚೀಲ ತುಂಬುವವರೊಬ್ಬರು ವಾರದ ಆರು ದಿನಗಳಲ್ಲಿ 24 ಕಿಲೋ ಹಣ್ಣಿನ ಕೂಲಿ ಕಳೆದುಕೊಳ್ಳುತ್ತಾರೆ. ಅವರ ತಂಡದಲ್ಲಿ ಎಷ್ಟು ಜನರಿದ್ದಾರೆ, ಕುಯ್ಲು ಎಷ್ಟು ವಾರ ನಡೆಯುತ್ತದೆ ಎಂಬುದು ನಿಮ್ಮ ಚೆಕ್‌ರೋಲ್‌ನಲ್ಲೇ, ಅಂದರೆ ಹಾಜರಿ-ಕೂಲಿಯ ಪುಸ್ತಕದಲ್ಲೇ ಇದೆ, ಒಮ್ಮೆ ಕೂಡಿಸಿ ನೋಡಿ.

ಋಣದ ಮಾತು ಇದಕ್ಕಿಂತ ಕಷ್ಟದ್ದು, ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಂದೆಯ ಜೀವ ಉಳಿಸಿದವರ ಎದುರು ನಿಂತು ಮಾತಾಡುವಾಗ ನಾಲಗೆ ಹೊರಳದಿರುವುದು ಹೇಡಿತನವಲ್ಲ, ಮತ್ತು ತೋಟದ ಮನೆಯಲ್ಲೇ ಸಂಸಾರವಿದ್ದರೆ ಕೆಲಸದ ಜೊತೆ ಸೂರೂ ಹೋಗುತ್ತದೆಂಬ ನಿಮ್ಮ ಹೆಂಡತಿಯ ಭಯ ನ್ಯಾಯವಾದದ್ದೇ. ಆದರೂ ಒಂದನ್ನು ಕೇಳಬೇಕಾಗಿದೆ. ಆ ಉಪಕಾರವನ್ನು ನೀವು ನಿಮ್ಮ ದುಡಿಮೆಯಿಂದ, ನಿಷ್ಠೆಯಿಂದ, ಸಾಲವಾಗಿದ್ದರೆ ಸಂಬಳದ ಕಂತಿನಿಂದ ತೀರಿಸಬಹುದು. ಈಗ ಅದನ್ನು ಅಸ್ಸಾಮಿನವರ ಚೀಲದಿಂದ ತೀರಿಸುತ್ತಿದ್ದೀರಲ್ಲ, ಅವರು ನಿಮ್ಮ ಸಾಹುಕಾರರಿಂದ ಯಾವ ಉಪಕಾರ ಪಡೆದಿದ್ದರು?

ಮೇಸ್ತ್ರಿಯ ವಾದ ನಿಮ್ಮ ತಾತನ ಕಾಲದಿಂದಲೂ ಈ ಜಿಲ್ಲೆಯಲ್ಲಿದೆ. ಘಟ್ಟದ ಕೆಳಗಿನಿಂದ ತುಳು ಮಾತಾಡುತ್ತ ಬಂದವರನ್ನೂ, ತಮಿಳು ನಾಡಿನಿಂದ ಬಂದವರನ್ನೂ ಒಂದೊಂದು ಕಾಲದಲ್ಲಿ ಹೀಗೆಯೇ ಅಳೆಯಲಾಯಿತು, ಅವರ ಮೊಮ್ಮಕ್ಕಳು ಇಂದು ಊರಿನವರಾಗಿದ್ದಾರೆ. ಅಸ್ಸಾಮಿನಲ್ಲಿ ಕೂಲಿ ಎಷ್ಟೆಂಬುದು ಇಲ್ಲಿಯ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ, ಏಕೆಂದರೆ ಮೂಡಿಗೆರೆಯ ಅಂಗಡಿಯಲ್ಲಿ ಅವರಿಗೆ ಯಾರೂ ಅಸ್ಸಾಮಿನ ದರದಲ್ಲಿ ಅಕ್ಕಿ ಕೊಡುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು, ಹೆಂಗಸರ ದಿನಗೂಲಿ ಕಡಿಮೆ ಇರುವ ಹಾಗೆ ಇದೂ ಇದ್ದದ್ದೇ ಎಂಬ ಮಾತು. ಎರಡು ಕಿಲೋ ನಿಮ್ಮ ನಿದ್ದೆ ಕೆಡಿಸಿದೆ, ಆದರೆ ಪ್ರತಿ ವಾರದ ಬಟವಾಡೆಯಲ್ಲಿ ನೀವೇ ಬರೆಯುವ ಇನ್ನೊಂದು ಕಡಿತ ಮಳೆಗಾಲದ ಮಳೆಯಷ್ಟು ಸಹಜವೆಂದು ನಿಮಗೆ ಕಂಡಿದೆ. ಒಂದೇ ಸಾಲಿನಲ್ಲಿ, ಒಂದೇ ಹೊತ್ತು, ಒಂದೇ ಕಳೆ ತೆಗೆದ ಇಬ್ಬರಿಗೆ ಎರಡು ಕೂಲಿ ಕೊಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದಿರುವ, 2025ರ ನವೆಂಬರ್ 21ರಂದು ಜಾರಿಯಾದ 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ, ಸಮಾನತೆ ತರುವ ನೆಪದಲ್ಲಿ ಗಂಡಸರ ಕೂಲಿ ಇಳಿಸಬಾರದೆಂದೂ ಹೇಳುತ್ತದೆ. ಮುಂಬೈನ ಕಂಪನಿಯೊಂದರ ಸ್ಟೆನೋಗ್ರಾಫರ್ ಮಹಿಳೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ, ಸಮಾನವಾಗಿ ಕೊಡಲು ನಮ್ಮಲ್ಲಿ ಹಣವಿಲ್ಲ ಎಂಬ ಮಾಲೀಕರ ಸಬೂಬನ್ನು ಒಪ್ಪಲಿಲ್ಲ. ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿಯಂಥ ಅಪಾಯದ ಕೆಲಸಕ್ಕೆ ಹೆಚ್ಚಿನ ಕೂಲಿ ಇರಲಿ, ತಪ್ಪಿಲ್ಲ. ಆ ದರ ಕೆಲಸಕ್ಕೆ ಅಂಟಿಕೊಂಡಿರಬೇಕು, ಗಂಡಸಿಗಲ್ಲ. ನಿಮ್ಮನ್ನು ಪ್ರಶ್ನಿಸಿದ ಆ ಹೆಣ್ಣುಮಗಳು ಕುಯ್ಲು ಮುಗಿದ ಮೇಲೂ ತೋಟದಲ್ಲಿ ಉಳಿದರೆ ಎರಡೂ ಕಡಿತಗಳಿಗೆ ಸಿಗುತ್ತಾರೆಂಬುದನ್ನು ಗಮನಿಸಿ.

ಅಸ್ಸಾಮಿನವರ ವಿಷಯದಲ್ಲಿಯೂ ಕಾನೂನು ಮೌನವಾಗಿಲ್ಲ. ಗುತ್ತಿಗೆದಾರರ ಮೂಲಕ ಹೊರರಾಜ್ಯದಿಂದ ಬಂದವರಿಗೆ ಅದೇ ಕೆಲಸ ಮಾಡುವ ಸ್ಥಳೀಯರಿಗಿಂತ ಕಡಿಮೆ ಕೂಲಿ ಕೊಡಕೂಡದೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಕಾಯ್ದೆಯೂ ಈಗ ಹೊಸ ಸಂಹಿತೆಗಳಲ್ಲಿ ಸೇರಿಹೋಗಿದೆ. ಕೂಲಿಯಿಂದ ಯಾವ ಯಾವ ಕಾರಣಕ್ಕೆ ಹಣ ಹಿಡಿಯಬಹುದೆಂದು ವೇತನ ಸಂಹಿತೆ ಪಟ್ಟಿ ಮಾಡಿದೆ. ಕಾರ್ಮಿಕರ ಊರು ಯಾವುದು ಎಂಬುದು ಆ ಪಟ್ಟಿಯಲ್ಲಿಲ್ಲ.

ಆದರೆ ಸಾಹುಕಾರರ ಮುಂದೆ ಕಾಯ್ದೆಯಿಂದ ಮಾತು ಆರಂಭಿಸಬೇಡಿ. ಮೇಸ್ತ್ರಿಯೂ ಆಳುಗಳೂ ಇಲ್ಲದ ಹೊತ್ತು ನೋಡಿ, ಕಣದಲ್ಲಿ ನಿಂತುಕೊಂಡಲ್ಲ, ಮನೆಯಲ್ಲಿ ಅಥವಾ ಆಫೀಸಿನಲ್ಲಿ ಕುಳಿತು, ಲೆಕ್ಕದ ಹಾಳೆಯೊಂದಿಗೆ ಮಾತಾಡಿ. ಅಪ್ಪನಿಗೆ ಅವರು ಮಾಡಿದ್ದನ್ನು ಮೊದಲು ನೀವೇ ನೆನೆಯಿರಿ, ಅದರಿಂದಲೇ ಈ ಮಾತನ್ನು ಬೇರೆಯವರಿಂದ ಕೇಳುವ ಮೊದಲು ನನ್ನಿಂದ ಕೇಳಲಿ ಎಂದು ಬಂದೆ ಎನ್ನಿ. ಅಂಕಿ ವ್ಯತ್ಯಾಸವನ್ನು ಒಬ್ಬರು ಕಂಡುಹಿಡಿದಾಗಿದೆ, ಇಡೀ ತಂಡದ ಕೈಯಲ್ಲಿ ಮೊಬೈಲ್ ಇದೆ, ಪಕ್ಕದ ತೋಟದ ದರ ಅವರಿಗೆ ಅಂದೇ ಸಂಜೆ ಗೊತ್ತಾಗುತ್ತದೆ. ಆಳು ಸಿಗದ ಈ ಕಾಲದಲ್ಲಿ ಕುಯ್ಲಿನ ನಡುವೆ ತಂಡ ಎದ್ದು ಹೋದರೆ ಗಿಡದಲ್ಲೇ ಒಣಗುವ ಮತ್ತು ನೆಲಕ್ಕೆ ಉದುರುವ ಹಣ್ಣಿನ ನಷ್ಟದ ಮುಂದೆ ಈ ಎರಡು ಕಿಲೋ ಏನೂ ಅಲ್ಲ ಎಂಬುದನ್ನು ತೋಟ ಮಾಡುವವರಿಗೆ ನೀವು ವಿವರಿಸಬೇಕಾಗಿಲ್ಲ. ತೋಟಕ್ಕೆ ಪರಿಸರ ಮತ್ತು ಕಾರ್ಮಿಕರ ಹಿತ ನೋಡಿ ಕೊಡುವ ರೈನ್‌ಫಾರೆಸ್ಟ್ ಅಲೈಯನ್ಸ್‌ನಂಥ ಪ್ರಮಾಣಪತ್ರವಿದ್ದರೆ ಇನ್ನೂ ಒಂದು ಮಾತಿದೆ: ತಾರತಮ್ಯ ಮಾಡಕೂಡದೆಂಬುದು ಅದರ ಷರತ್ತುಗಳಲ್ಲೊಂದು, ಪರಿಶೀಲನೆಗೆ ಬಂದವರು ಕೂಲಿಯ ದಾಖಲೆ ಕೇಳಿದಾಗ ಮುಂದಿಡಬೇಕಾದ ಪುಸ್ತಕವೂ ನಿಮ್ಮದೇ.

ಬರಿಗೈಯಲ್ಲಿ ಹೋಗಬೇಡಿ, ಬದಲಿ ವ್ಯವಸ್ಥೆಯನ್ನೂ ಹೇಳಿ. ತೂಕಕ್ಕೆ ಮೊದಲು ಎಲ್ಲರ ಹಣ್ಣನ್ನೂ ಟಾರ್ಪಾಲಿನ ಮೇಲೆ ಸುರಿಸಿ, ಎಲೆ ಮತ್ತು ಕಾಯಿಯನ್ನು ಅವರವರಿಂದಲೇ ಆರಿಸಿ ತೆಗೆಸಿ, ಆಮೇಲೆ ಬಂದ ತೂಕವನ್ನು ಪೂರ್ತಿ ಬರೆಯುವುದು. ಇಬ್ಬನಿಯ ನೀರಿಗೆ ಕಳೆಯಲೇಬೇಕೆಂದರೆ ಬೆಳಗಿನ ಚೀಲಗಳಿಗೆ ಮಾತ್ರ, ಊರಿನವರಿಗೂ ಸೇರಿಸಿ, ಮೊದಲೇ ತಿಳಿಸಿ ಕಳೆಯುವುದು. ತಕ್ಕಡಿಯ ಅಂಕಿ ಚೀಲ ತಂದವರಿಗೆ ಕಾಣುವಂತಿರಲಿ, ಅದೇ ಅಂಕಿಯ ಚೀಟಿ ಅವರ ಕೈಗೆ ಹೋಗಲಿ. ಆ ಚೀಟಿಯಲ್ಲಿ ಕನ್ನಡ ಅಂಕಿ ಬೇಡ, ತಕ್ಕಡಿಯಲ್ಲಿ ಕಾಣುವ ಅಂಕಿಯನ್ನೇ ಬರೆಯಿರಿ. ಹೆಂಗಸರ ಕೂಲಿಯ ಮಾತನ್ನು ಅದೇ ದಿನ ಎತ್ತಿದರೆ ಎರಡೂ ಕೆಡಬಹುದು. ಕುಯ್ಲು ಮುಗಿದು ಮುಂದಿನ ವರ್ಷದ ದರ ನಿಗದಿ ಮಾಡುವ ಹೊತ್ತಿಗೆ ಎತ್ತಿ, ಆದರೆ ಎತ್ತದೆ ಬಿಡಬೇಡಿ.

ಆ ಹೆಣ್ಣುಮಗಳಿಗೆ ಸಿಕ್ಕುವ ಉತ್ತರ ಸಾಹುಕಾರರ ನಿರ್ಧಾರಕ್ಕೆ ಕಾಯಬೇಕಾಗಿಲ್ಲ. ನೀವು ಕೇಳಿದ್ದು ಸರಿ, ಲೆಕ್ಕ ತಪ್ಪಾಗಿದೆ, ನಾನು ಮಾತಾಡುತ್ತೇನೆ ಎಂದು ಅವರ ತಂಡದಲ್ಲಿ ಕನ್ನಡ ಬಲ್ಲವರ ಮೂಲಕ ಇಂದೇ ಹೇಳಿಸಬಹುದು.

ಸಾಹುಕಾರರು ಒಪ್ಪದಿದ್ದರೆ, ತಕ್ಕಡಿ ತೋರಿಸಿದ್ದನ್ನೇ ಬರೆಯುತ್ತೇನೆ, ಕಳೆಯಬೇಕಿದ್ದರೆ ಕಳೆದದ್ದು ಎಷ್ಟು, ಯಾರ ಮಾತಿನಂತೆ ಎಂದು ಪಕ್ಕದಲ್ಲಿ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ ಎಂದು ವಿನಯದಿಂದಲೇ ತಿಳಿಸಿ. ಹಾಗೆ ಬರೆಸಿಕೊಳ್ಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರಿದ್ದಾರೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಚಿಕ್ಕಮಗಳೂರಿನಲ್ಲಿದೆ. ದೂರು ಕೊಡುವವರು ನೀವೇ ಆಗಬೇಕೆಂದಿಲ್ಲ, ಕೂಲಿ ಕಳೆದುಕೊಂಡವರಿಗೆ ದಾರಿ ತೋರಿಸಿದರೂ ಸಾಕು. ಕೆಲಸ ಬಿಡುವ ಪ್ರಶ್ನೆ ಏಳುವುದು ಆ ಹಂತದಲ್ಲಿ, ಆಗಲೂ ಬೇರೆ ತೋಟದಲ್ಲಿ ಮನೆ ಸಹಿತ ಕೆಲಸ ಗೊತ್ತುಮಾಡಿಕೊಂಡ ಮೇಲೆ. ಆ ವಿಚಾರಣೆಯನ್ನು ಹೆಂಡತಿಯೊಂದಿಗೆ ಕುಳಿತು ಈಗಿನಿಂದಲೇ ಸದ್ದಿಲ್ಲದೆ ಶುರು ಮಾಡಿ.