ಊರೆಲ್ಲ ಒಂದಾದರೂ ದಂಡ ಹಾಕುವಂತಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರ ದೈವದವರು (ಊರ ಹಿರಿಯರು) ಗುಡಿ ಕಟ್ಟೆಯ ಮೇಲೆ ಕೂಡಿ ಪರಿಶಿಷ್ಟ ಜಾತಿಯ ಒಂದು ಮನೆತನಕ್ಕೆ ದಂಡ ಹಾಕಿದ್ದಾರೆ. ದಂಡ ಕಟ್ಟುವ ತನಕ ಅವರಿಗೆ ಕಿರಾಣಿ ಕೊಡಬಾರದು, ಗಿರಣಿಯಲ್ಲಿ ಜೋಳ ಬೀಸಿಕೊಡಬಾರದು, ಕೂಲಿಗೆ ಕರೆಯಬಾರದು ಅಂತ ಡಂಗುರವನ್ನೂ ಸಾರಿಸಿದ್ದಾರೆ. ಕೇಳಿದರೆ ‘ಇದು ಊರಿನ ಬಹುಮತದ ತೀರ್ಮಾನ, ಪ್ರಜಾಪ್ರಭುತ್ವ ಅಂದರೆ ಇದೇ’ ಅನ್ನುತ್ತಾರೆ. ಹೌದೇ?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಅಲ್ಲ. ಇದು ಶುದ್ಧ ಅಪರಾಧ. ಜಾತ್ರೆ ಯಾವತ್ತು ಮಾಡಬೇಕು, ಕೆರೆ ಹೂಳು ಯಾವಾಗ ತೆಗೆಸಬೇಕು ಎಂಬುದನ್ನು ಊರವರು ಕೂಡಿ ತೀರ್ಮಾನಿಸಲಿ. ಒಬ್ಬರು ಉಣ್ಣುವ ಅನ್ನ, ದುಡಿಯುವ ಕೂಲಿ, ನಡೆಯುವ ದಾರಿ ಬಹುಮತಕ್ಕೆ ಬಿಡುವ ವಿಷಯಗಳೇ ಅಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ ಅಂಬೇಡ್ಕರ್ ಅವರು, ಈ ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಹಿಡಿದಿರುವುದು ತಮಗೆ ಸಂತೋಷ ತಂದಿದೆ ಎಂದಿದ್ದರು. ಹಳ್ಳಿಯನ್ನು ಆದರ್ಶವೆಂದು ನಂಬಿದ್ದ ಹಲವು ಸದಸ್ಯರಿಗೆ ಆ ಮಾತು ಹಿಡಿಸಲಿಲ್ಲ. ಆದರೂ ನಿಂತದ್ದು ಆ ಮಾತೇ. ಗ್ರಾಮ ಪಂಚಾಯಿತಿ ಕೂಡ ಕಾನೂನು ಹೇಳಿದ ಕಾರಣಕ್ಕೆ ಮಾತ್ರ, ರಸೀದಿ ಕೊಟ್ಟೇ ದಂಡ ವಸೂಲಿ ಮಾಡಬೇಕು. ದೈವದವರಿಗೆ ಅಷ್ಟು ಅಧಿಕಾರವೂ ಇಲ್ಲ.

ಪರಿಶಿಷ್ಟ ಜಾತಿ ಅಥವಾ ಪಂಗಡದವರ ಮೇಲೆ ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಬೆದರಿಸುವುದು ಎರಡೂ 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆಡ್‌ಸಿ) ಕಲಂ ಅಡಿ ಅಪರಾಧ. ದಂಡದ ಹೆಸರಲ್ಲಿ ಹೆದರಿಸಿ ದುಡ್ಡು ಕಿತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಅದು ಸುಲಿಗೆ. ಈ ಎರಡನೆಯದಕ್ಕೆ ಜಾತಿ ಮುಖ್ಯವಲ್ಲ, ನೊಂದವರು ಯಾರಾದರೂ ದೂರು ಕೊಡಬಹುದು.

ಇಂಥ ಪ್ರಕರಣಗಳು ಬಹಳ ಸಲ ಸೋಲುವುದು ದೂರು ಬರೆಯುವ ಹೊತ್ತಿಗೇ. ‘ಊರವರೆಲ್ಲ ಸೇರಿ ನಮಗೆ ಬಹಿಷ್ಕಾರ ಹಾಕಿದ್ದಾರೆ’ ಎಂದು ಬರೆದರೆ ಯಾರ ಮೇಲೂ ಆರೋಪ ನಿಲ್ಲುವುದಿಲ್ಲ. ಹೀಗೆ ಬರೆಯಿರಿ: ‘ಇಂಥ ತಾರೀಖು ಬೆಳಿಗ್ಗೆ ಏಳರ ಸುಮಾರಿಗೆ ಇಂಥವರ ಅಂಗಡಿಗೆ ಹೋಗಿ ಎರಡು ಕೆಜಿ ಅಕ್ಕಿ, ಕಾಲು ಕೆಜಿ ಬೆಲ್ಲ ಕೇಳಿದೆ. ದೈವದವರು ಬ್ಯಾಡ ಅಂದಾರ, ನಿಮಗ ಕೊಡಂಗಿಲ್ಲ ಅಂದರು. ಆಗ ಅಲ್ಲಿ ಇಂಥಿಂಥವರು ನಿಂತಿದ್ದರು.’ ಗಿರಣಿಗೆ ಒಂದು ಪ್ಯಾರಾ, ಕೂಲಿಗೆ ಒಂದು ಪ್ಯಾರಾ. ಕಟ್ಟೆಯ ಮೇಲೆ ದಂಡದ ಮಾತು ತೆಗೆದವರು ಯಾರು, ಮೊತ್ತ ಹೇಳಿದವರು ಯಾರು, ಡಂಗುರ ಸಾರಲು ಹೇಳಿದವರು ಯಾರು ಎಂಬುದು ಬೇರೆ ಬೇರೆಯಾಗಿ ಇರಬೇಕು. ನೊಂದವರ ಜಾತಿ ಪ್ರಮಾಣಪತ್ರ ಲಗತ್ತಿಸಿ. ಆರೋಪಿಗಳು ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರಿದವರಲ್ಲ ಎಂಬ ವಾಕ್ಯವನ್ನು ಮರೆಯಬೇಡಿ. ಈ ಒಂದು ಸಾಲು ಇಲ್ಲವೆಂದೇ ವಕೀಲರು ಪ್ರಕರಣ ಅಲ್ಲಾಡಿಸುವುದುಂಟು. ಮೊಬೈಲಿನಲ್ಲಿ ಧ್ವನಿ ಅಥವಾ ವಿಡಿಯೊ ಇದ್ದರೆ ಆ ಮೂಲ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಠಾಣೆಯಲ್ಲಿ ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟರೆ ಅದು ಎಫ್‌ಐಆರ್ ಅಲ್ಲ. ದೌರ್ಜನ್ಯ ತಡೆ ಕಾಯ್ದೆಯ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ದಾಖಲಿಸದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್ಪಿಗೆ ಕಳಿಸಿ, ಅಂಚೆ ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಹಿತ ನ್ಯಾಯಾಲಯಕ್ಕೆ ಹೋಗಬಹುದು. ತನಿಖೆ ಮಾಡಬೇಕಾದವರು ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ. ದೋಷಾರೋಪಣ ಪಟ್ಟಿಗೆ 60 ದಿನದ ಗಡುವಿದೆ. ಬೇಕೆಂದೇ ಕರ್ತವ್ಯ ಮರೆತ, ಪರಿಶಿಷ್ಟರಲ್ಲದ ಅಧಿಕಾರಿಗೆ 4ನೇ ಕಲಂ ಅಡಿ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು.

‘ಶಾಂತಿ ಸಭೆ’ ಕರೆದರೆ ಹೋಗಿ, ಊರು ತಣ್ಣಗಾಗುವುದು ಒಳ್ಳೆಯದೇ. ಆದರೆ ಅಲ್ಲಿ ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ಠಾಣೆಯಲ್ಲಿ ರಾಜಿ ಮಾಡಿ ಮುಗಿಸುವ ಅಪರಾಧ ಇದಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ಹಲ್ಲೆ ಪ್ರಕರಣಕ್ಕೆ ಕೊಪ್ಪಳ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. 98 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು, ಆಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಹತ್ತು ವರ್ಷ ಕಳೆದ ಮೇಲೆ ಸಾಕ್ಷಿ ಹೇಳಬೇಕಾದೀತು. ಆದ್ದರಿಂದಲೇ ಮೊದಲ ದಿನದ ಬರವಣಿಗೆ ಗಟ್ಟಿಯಿರಬೇಕು. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಪರಿಶಿಷ್ಟರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಸಿಗುತ್ತದೆ.

ಪ್ರಶ್ನೆ: ಗೆದ್ದ ಮೇಲೆ ಪಕ್ಷ ಬಿಡುವ ಶಾಸಕರನ್ನು ಮತದಾರರೇ ವಾಪಸ್ ಕರೆಸಿಕೊಳ್ಳಲು ದಾರಿ ಇದೆಯೇ?
— ಓದುಗರು, ಸಿಂಧನೂರು

ಉತ್ತರ: ಇಲ್ಲ. ಶಾಸಕರನ್ನು ಅವಧಿಯ ನಡುವೆ ಇಳಿಸುವ ಹಕ್ಕು ಮತದಾರರಿಗೆ ಇಲ್ಲ. ಇರುವುದು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು; ಅದರಡಿ ಶಾಸಕರನ್ನು ಅನರ್ಹಗೊಳಿಸುವ ಅಧಿಕಾರ ಸ್ಪೀಕರ್ ಕೈಯಲ್ಲಿದೆ. 2003ರ 91ನೇ ತಿದ್ದುಪಡಿಯ ನಂತರ, ಅನರ್ಹರಾದವರು ಮತ್ತೆ ಗೆದ್ದು ಬರುವ ತನಕ ಅಥವಾ ಅವಧಿ ಮುಗಿಯುವ ತನಕ ಮಂತ್ರಿಯಾಗುವಂತಿಲ್ಲ. 2019ರಲ್ಲಿ ರಾಜ್ಯದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ನವೆಂಬರ್ 13ರ ತೀರ್ಪಿನಲ್ಲಿ ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಸ್ಪೀಕರ್ ಆದೇಶವನ್ನು ಮಾತ್ರ ಒಪ್ಪಲಿಲ್ಲ. ಅಲ್ಲಿಗೆ ಪ್ರಶ್ನೆ ಪುನಃ ಮತದಾರರ ಮುಂದೆಯೇ ಬಂತು. ಹೀಗೆ ತೆರವಾದ ಕ್ಷೇತ್ರಗಳಲ್ಲಿ ಒಂದಾದ, ನಿಮ್ಮ ಪಕ್ಕದ ಮಸ್ಕಿಯಲ್ಲಿ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು. ನಮ್ಮ ಅಭಿಪ್ರಾಯ ಕೇಳಿದರೆ, ಕಾನೂನು ಇಲ್ಲಿ ತೀರಾ ಸಡಿಲವಾಗಿದೆ. ರಾಜೀನಾಮೆ ಕೊಟ್ಟು ಕೆಲವೇ ತಿಂಗಳಲ್ಲಿ ಬೇರೆ ಚಿಹ್ನೆಯಡಿ ಬರುವವರಿಗೆ ಒಂದು ಅವಧಿಯಾದರೂ ತಡೆ ಇರಬೇಕು.

ಪ್ರಶ್ನೆ: ಗಣಿ ಲಾರಿಗಳ ಧೂಳು ತಿನ್ನುವವರು ನಾವು. ಜಿಲ್ಲಾ ಖನಿಜ ನಿಧಿಯಿಂದ ನಮ್ಮೂರಿಗೆ ಏನು ಬಂತು ಎಂದು ಕೇಳಿದರೆ ‘ನೀನ್ಯಾರು ಕೇಳಾಕ’ ಎಂಬ ಉತ್ತರ. ಏನು ಮಾಡಬೇಕು?
— ಓದುಗರು, ಸಂಡೂರು

ಉತ್ತರ: ನೀವ್ಯಾರು ಎಂದು ಕೇಳುವ ಅಧಿಕಾರ ಅವರಿಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 6(2) ಕಲಂ ಪ್ರಕಾರ ಅರ್ಜಿದಾರರು ಕಾರಣ ಹೇಳಬೇಕಿಲ್ಲ. ನಿಧಿ ಬಂದದ್ದು ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ. ಹಳೆಯ ಗುತ್ತಿಗೆದಾರರು ರಾಜಧನದ 30%, ಹರಾಜಿನಲ್ಲಿ ಗುತ್ತಿಗೆ ಪಡೆದವರು 10% ಕಟ್ಟಬೇಕು. ಅದು ಗಣಿಗಾರಿಕೆಯಿಂದ ಬಾಧಿತರಾದ ಜನರ, ಪ್ರದೇಶಗಳ ಹಣ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ ₹10. ‘ರಸ್ತೆ ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಕಾಗದವನ್ನೇ ಕೇಳಿ: ಇಂಥ ವರ್ಷದ ಕ್ರಿಯಾ ಯೋಜನೆಯಲ್ಲಿ ನಮ್ಮ ಪಂಚಾಯಿತಿಯ ಕಾಮಗಾರಿ ಪಟ್ಟಿ, ಅಂದಾಜು ಪತ್ರಿಕೆ, ಅಳತೆ ಪುಸ್ತಕದ ದೃಢೀಕೃತ ಪ್ರತಿ, ಪಾವತಿಸಿದ ಬಿಲ್ಲು. ಇವುಗಳಲ್ಲಿ ಅಳತೆ ಪುಸ್ತಕ ಬಹುಮುಖ್ಯ. ಚರಂಡಿಯ ಉದ್ದ, ಅಗಲ, ಕಾಂಕ್ರೀಟಿನ ದಪ್ಪ ಎಲ್ಲ ಅದರಲ್ಲಿರುತ್ತದೆ. ಟೇಪು ಹಿಡಿದು ನೀವೇ ಅಳೆದು ನೋಡಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅನೇಕರು ಸೋಲುವುದು ಈ ತಾರೀಖುಗಳನ್ನು ತಪ್ಪಿಸಿಕೊಂಡು. ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕಬಹುದು.

ಪ್ರಶ್ನೆ: ಪೊಲೀಸರು ಫೋನ್ ಮಾಡಿ ‘ಸ್ಟೇಷನ್‌ಗೆ ಬಾ’ ಅಂದರೆ ಹೋಗಲೇಬೇಕೇ? ನಮ್ಮ ತಾಯಿಯವರನ್ನೂ ಸಾಕ್ಷಿಯಾಗಿ ಕರೆಯುತ್ತಿದ್ದಾರೆ.
— ಓದುಗರು, ಬಳ್ಳಾರಿ

ಉತ್ತರ: ಲಿಖಿತ ನೋಟಿಸ್ ಕೇಳಿ, ವಿನಯದಿಂದಲೇ ಕೇಳಿ. ಆರೋಪ ಹೊತ್ತವರಿಗಾದರೆ ನಾಗರಿಕ ಸುರಕ್ಷಾ ಸಂಹಿತೆಯ 35(3) ಕಲಂ ನೋಟಿಸ್. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಕೈಗೆ ಬಂದ ಮೇಲೆ ಮಾತ್ರ ತಪ್ಪಿಸಬೇಡಿ, ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗುತ್ತದೆ. ನಿಮ್ಮ ತಾಯಿಯವರ ವಿಷಯ ಬೇರೆ. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರನ್ನು ಸಾಕ್ಷಿಯಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರಿದ್ದಲ್ಲಿಗೇ ಬಂದು ವಿಚಾರಿಸಬೇಕು. ಅದು ಅದೇ ಸಂಹಿತೆಯ 179ನೇ ಕಲಂ. ಫೋನ್ ಮಾಡಿದವರಿಗೆ ಈ ಕಲಂ ಸಂಖ್ಯೆ ಹೇಳಿ, ಮನೆಯ ವಿಳಾಸ ಕೊಡಿ.