ಹರೆಯದಲ್ಲಿ ಮಕ್ಕಳ ಬಿಪಿ ಏಕೆ ಏರುತ್ತದೆ?

ಎರಡು ವರ್ಷದ ಹಿಂದೆ 104/66 ಇದ್ದ ಮಗನ ಬಿಪಿ ಈಗ, 14ನೇ ವಯಸ್ಸಿಗೆ, 118/74 ಆಗಿದೆ, ಇದು ಹರೆಯದ ಪರಿಣಾಮವೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೌದು. ಗಾಬರಿ ಬೇಡ.

ಹರೆಯದಲ್ಲಿ ಮೈ ಸರಸರನೆ ಬೆಳೆಯುತ್ತದೆ. ಜೊತೆಗೆ ಹೃದಯವೂ ದೊಡ್ಡದಾಗಿ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ. ಹಾಗಾಗಿ ಮೇಲಿನ ಅಂಕಿ ಏರುವುದು ಸಹಜ. ಒಂದೇ ವಯಸ್ಸಿನ ಮಕ್ಕಳಲ್ಲಿ ಎತ್ತರ ಇರುವವರಿಗೆ ಸಾಮಾನ್ಯವಾಗಿ ಬಿಪಿ ತುಸು ಹೆಚ್ಚೇ ಇರುತ್ತದೆ. ಹುಡುಗರಲ್ಲಿ ಈ ಏರಿಕೆ ಜಾಸ್ತಿ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್‌ನಿಂದ ಮೂತ್ರಪಿಂಡಗಳು ಉಪ್ಪು, ನೀರನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ. ಹುಡುಗಿಯರಲ್ಲಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ರಕ್ತನಾಳಗಳು ಸಡಿಲವಾಗಿರಲು ನೆರವಾಗುತ್ತದೆ.

ಆದರೆ ‘ಹರೆಯ ಅಲ್ವಾ’ ಎಂದು ಎಲ್ಲವನ್ನೂ ಸುಮ್ನೆ ಬಿಡಬೇಡಿ. 13 ತುಂಬಿದವರಿಗೆ 120/80ಕ್ಕಿಂತ ಕಡಿಮೆ ಇದ್ದರೆ ಸರಿ. ಬೇರೆ ಬೇರೆ ದಿನ ಮೂರು ಸಲ ನೋಡಿದಾಗಲೂ ಮೇಲಿನದು 130 ಅಥವಾ ಕೆಳಗಿನದು 80 ಮುಟ್ಟಿದರೆ, ಅದು ನಿಜವಾದ ಅಧಿಕ ರಕ್ತದೊತ್ತಡ. ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ತೂಕ ಹೆಚ್ಚಿರುವ ಮಕ್ಕಳಲ್ಲಿ ಇದು ಜಾಸ್ತಿ ಕಾಣುತ್ತದೆ.

ಇನ್ನೊಂದು ಮಾತು. ಅಳೆಯುವಾಗ ತೋಳಿಗೆ ಕಟ್ಟುವ ಪಟ್ಟಿ ಅವನ ಅಳತೆಗೆ ಸರಿಯಾಗಿರಲಿ. ಚಿಕ್ಕದಾದರೆ ಬಿಪಿ ಇಲ್ಲದಿದ್ದರೂ ಹೆಚ್ಚು ತೋರಿಸುತ್ತದೆ.