ಗ್ರಾಮ ಲೆಕ್ಕಿಗರ ಮಗಳು: ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಓದುತ್ತಿದ್ದ ಈ ವಿದ್ಯಾರ್ಥಿನಿ, ಎರಡನೆಯ ಸೆಮಿಸ್ಟರಿನ ನಡುವೆ ಕೋರ್ಸ್ ಬಿಡುವ ತೀರ್ಮಾನ ಮಾಡಿಕೊಂಡೇ ನನ್ನಲ್ಲಿಗೆ ಬಂದಿದ್ದಳು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ತರಗತಿಯಲ್ಲಿ ಮಾತು ನಿಂತುಹೋಗಿತ್ತು. ಗುರುತು ಸಿಗುವ ವಿವರಗಳನ್ನು ಬದಲಿಸಿ, ಆಕೆಯ ಮತ್ತು ಆಕೆಯ ತಂದೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ; ಪಡಿತರ ಅಂಗಡಿಯವರ, ಅಂಗನವಾಡಿ ಕಾರ್ಯಕರ್ತೆಯರ ಮಕ್ಕಳು ಇಂಥದೇ ಸಂಕಟ ಹೊತ್ತು ಬರುವುದನ್ನು ಮತ್ತೆ ಮತ್ತೆ ಕಂಡ ಮೇಲೆ ಬರೆಯಲೇಬೇಕೆನಿಸಿತು.

ಮೊದಲ ಎರಡು ಭೇಟಿಗಳಲ್ಲಿ ಆಕೆ ಸಂಖ್ಯಾಶಾಸ್ತ್ರ ಕಷ್ಟವೆಂದಷ್ಟೇ ಹೇಳಿದಳು. ಮೂರನೆಯ ಸಲ, ಎದ್ದು ಹೊರಡುವ ಹೊತ್ತಿಗೆ, "ಮೇಡಂ, ಅವತ್ತು ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ" ಎಂದು ಮತ್ತೆ ಕುಳಿತಳು.

ಅವತ್ತಿನ ಪಾಠ 'ಭೂಮಿ' ಯೋಜನೆ. ಕರ್ನಾಟಕದ ಹಳ್ಳಿಗಳಲ್ಲಿ ಕಂದಾಯ ದಾಖಲೆ ಬರೆದಿಡುತ್ತಿದ್ದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು, ಅಂದರೆ ಜಮೀನು ಯಾರದು, ಅದರಲ್ಲಿ ಏನು ಬೆಳೆ ಎಂದು ಹೇಳುವ ದಾಖಲೆಗಳು, ಕಂಪ್ಯೂಟರಿಗೆ ಏರಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಸಿಗತೊಡಗಿದ ಕಥೆ ಅದು. ನೀತಿ ವಿಶ್ಲೇಷಣೆ ಕಲಿಸುವವರು ಮೆಚ್ಚಿ ಎತ್ತಿಕೊಳ್ಳುವ ಉದಾಹರಣೆ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಹಲಗೆಯ ಮೇಲೆ ಪಟ್ಟಿ ಮಾಡುವಾಗ, ನಷ್ಟದ ಸಾಲಿಗೆ ಸಹಪಾಠಿಯೊಬ್ಬ 'ಲಂಚಕೋರ ಲೆಕ್ಕಿಗ' ಎಂದು ಬರೆಸಿದ್ದ. ಆಕೆಯ ತಂದೆ ಗ್ರಾಮ ಲೆಕ್ಕಿಗರಾಗಿದ್ದವರು.

ತನ್ನ ಬಲಗೈಯ ನಡುಬೆರಳನ್ನು ಮುಂದೆ ಚಾಚಿ, "ಇಲ್ಲಿ ಅಪ್ಪನಿಗೆ ಪೆನ್ನು ಒತ್ತಿ ಒತ್ತಿ ಗಂಟು ಕಟ್ಟಿದೆ, ಮೇಡಂ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಜಮೀನಿನ ಒಡೆಯನ ಹೆಸರು ತಪ್ಪಾದರೆ ರೈತನ ಮನೆ ಮುಳುಗುತ್ತೆ ಅಂತ ರಾತ್ರಿ ಎರಡೆರಡು ಸಲ ಓದುತ್ತಿದ್ದರಂತೆ" ಎಂದಳು. ಬಹಳ ಹೊತ್ತು ಸುಮ್ಮನಿದ್ದು, "ಆದರೆ ಆ ಸಂಬಳದಲ್ಲಿ ಅಕ್ಕನ ಕಾನ್ವೆಂಟ್ ಫೀಸು ಹೇಗೆ ಕಟ್ಟಿದರು ಅಂತ ನಾನು ಯಾವತ್ತೂ ಕೇಳಿಲ್ಲ" ಎಂದಳು.

ನಿಮ್ಮ ತಂದೆ ಅಂಥವರಲ್ಲ ಎಂದು ಸಮಾಧಾನ ಹೇಳುವುದು ಸುಲಭವಿತ್ತು; ಆದರೆ ಅದು ನನಗೆ ಗೊತ್ತಿಲ್ಲದ ಸಂಗತಿ. ಭಾವನೆಯನ್ನು ಹೊರಗಿಟ್ಟು ಓದಿಕೊಳ್ಳಿ ಎನ್ನಲೂ ಮನಸ್ಸಾಗಲಿಲ್ಲ. ಕೋರ್ಸ್ ಬಿಡಬೇಡಿ, ಈ ಸೆಮಿಸ್ಟರಿನ ನೀತಿ ಟಿಪ್ಪಣಿಯನ್ನು ಆ ಹುದ್ದೆಯ ಮೇಲೆಯೇ ಬರೆಯಲು ಅಧ್ಯಾಪಕರ ಅನುಮತಿ ಕೇಳಿ, ಊರಿಗೆ ಹೋಗಿ ಅಪ್ಪನ ಬಳಿ ಲಂಚದ ಮಾತೆತ್ತದೆ ಕೆಲಸದ ವಿಷಯ ಕೇಳಿ ಎಂದೆ: ಎಷ್ಟು ಹಳ್ಳಿ ನೋಡಿಕೊಳ್ಳುತ್ತಿದ್ದರು, ಒಂದು ಖಾತೆ ಬದಲಾವಣೆಗೆ ಎಷ್ಟು ಸಲ ತಾಲ್ಲೂಕಿಗೆ ಅಲೆಯಬೇಕಿತ್ತು, ಅವರು ಬರೆದದ್ದನ್ನು ಯಾರು ನೋಡುತ್ತಿದ್ದರು.

ಇದು ಆಪ್ತಸಲಹೆಯಲ್ಲ, ಪ್ರಶ್ನೆಯನ್ನು ಮುಂದೂಡುವ ಉಪಾಯ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹೆತ್ತ ತಂದೆಯ ಮೇಲೆ ವಿಚಾರಣೆ ನಡೆಸುವ ಹೊಣೆ ಮಗಳದ್ದಲ್ಲ. ದಾಖಲೆ ಒಬ್ಬರ ಕೈಯಲ್ಲೇ ಇದ್ದು, ಪಹಣಿಯಿಲ್ಲದೆ ಬೆಳೆಸಾಲ ಸಿಗದ ರೈತ ಬಾಗಿಲಲ್ಲಿ ನಿಂತಿರುವಾಗ, ಬರೆದದ್ದನ್ನು ಸರಿಯಾಗಿ ಪರಿಶೀಲಿಸುವವರೂ ವಿರಳವಾಗಿರುವಾಗ, ಆ ಹುದ್ದೆ ಎಂಥವರನ್ನೂ ಪರೀಕ್ಷೆಗೆ ಒಡ್ಡುತ್ತದೆ. ಅದನ್ನು ಕಾಣಲು ಕಲಿಸುವುದೇ ಆಕೆ ಓದುತ್ತಿದ್ದ ಶಾಸ್ತ್ರ. ರೈತನ ನೋವನ್ನು ಅಲ್ಲಗಳೆಯದೆ, ಅಪ್ಪನನ್ನೂ ಬಿಟ್ಟುಕೊಡದೆ ನಿಲ್ಲಲು ಆಕೆಗೆ ಅಲ್ಲಿ ಜಾಗವಿತ್ತು. ಹುದ್ದೆಯನ್ನು ಬರೆಯಬೇಕಾದಲ್ಲಿ ಬೈಗುಳ ಬರೆಯಲು ಬಿಟ್ಟ ತರಗತಿ ಆ ಶಾಸ್ತ್ರವನ್ನು ಅರ್ಧವಷ್ಟೇ ಕಲಿಸಿತು; ಕಲಿಸುವವರು ದಯವಿಟ್ಟು ಇದನ್ನು ಗಮನಿಸಬೇಕು.

ಯುಗಾದಿಗೆ ಆಕೆ ಊರಿಗೆ ಹೋಗಿ ಬಂದಳು. ಅಪ್ಪ ಎರಡು ಗಂಟೆ ಮಾತನಾಡಿದರಂತೆ, ಐದು ಹಳ್ಳಿಗಳ ಹೊಲಗಳನ್ನು ಸರ್ವೆ ನಂಬರಿನ ಸಮೇತ ನೆನೆದರಂತೆ. ಕೊನೆಗೆ "ಹದಿನೈದು ರೂಪಾಯಿ ಮಾಡಿದ್ದು ಒಳ್ಳೇದೇ ಆಯ್ತು ಕಣವ್ವಾ, ನಮಗೂ" ಎಂದವರೇ ಎದ್ದು ದನಕ್ಕೆ ಹುಲ್ಲು ಹಾಕಲು ಹೋದರಂತೆ. ಆ ಮಾತನ್ನು ಟಿಪ್ಪಣಿಯಲ್ಲಿ ಸೇರಿಸಬಹುದೇ ಎಂದು ಕೇಳಿದಳು. ಅವರು ಅದನ್ನು ಮಗಳಿಗೆ ಹೇಳಿದ್ದು, ಅವರನ್ನು ಕೇಳದೆ ಬರೆಯಬೇಡಿ ಎಂದೆ. ಆಕೆ ನನ್ನ ಎದುರೇ ಊರಿಗೆ ಫೋನ್ ಮಾಡಿದಳು.